ನಮ್ಮ ಸಾಹುಕಾರರು ಕಟ್ಟಿದ ಫುಟ್‌ಬಾಲ್ ಟೀಮು

ಮಾಲಕರಿಗೆ ಹೊಸ ವಿಚಾರ ಹೊಳೆದ ಮರುದಿನ ಆಟಗಾರರ ಮೊಣಕಾಲು ತರಚುವುದು ಎಲ್ಲ ಟೀಮುಗಳಲ್ಲೂ ಇದ್ದದ್ದೇ. ನಮ್ಮ ಸವಣೂರಿನಲ್ಲಿ ಮಾತ್ರ ಅದು ವಾರವಾರ ನಡೆಯುತ್ತಿತ್ತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ನಾನು ಸಾಹುಕಾರರ ಹತ್ತಿ ಗಿರಣಿಯಲ್ಲಿ ಕಾರಕೂನ. ಅವರು ಹುಬ್ಬಳ್ಳಿಗೆ ಹೋದಾಗ ಒಂದು ಫುಟ್‌ಬಾಲ್ ಪಂದ್ಯ ನೋಡಿದರು, ಅದೂ ಅರ್ಧ. ಬಂದವರೇ ಗಿರಣಿಯ ಹನ್ನೊಂದು ಮಂದಿಯನ್ನು ಸಾಲಾಗಿ ನಿಲ್ಲಿಸಿ ಟೀಮು ಕಟ್ಟಿಬಿಟ್ಟರು. ಯಂತ್ರ ನೋಡಿಕೊಳ್ಳುವ ಫಿಟ್ಟರ್ ಕ್ಯಾಪ್ಟನ್ ಆದ. ಕೈ ಉದ್ದ ಇದ್ದವೆಂದು ನಾನು ಗೋಲ್‌ಕೀಪರ್ ಆದೆ.

ಆಟಕ್ಕೆಂದು ಶನಿವಾರ ಮಧ್ಯಾಹ್ನ ರಜೆ ಸಿಕ್ಕಿತು. ದಿನವಿಡೀ ಹತ್ತಿಯ ಧೂಳು ಕುಡಿಯುವ ನಮಗೆ ವಾರದಲ್ಲಿ ಸಿಗುವ ಒಳ್ಳೆಯ ಗಾಳಿ ಅದೊಂದೇ. ಸೋತು ಸೋತು ಸಾಹುಕಾರರಿಗೆ ಬೇಸರ ಬಂದರೆ ಟೀಮಿನ ಜೊತೆ ಆ ಗಾಳಿಯೂ ಹೋಯಿತಲ್ಲ ಎಂದು ನನಗೆ ಸದಾ ಚಡಪಡಿಕೆ. ಸಾಹುಕಾರರದೂ ಕೂತಲ್ಲಿ ಕೂಡುವ ಜೀವವಲ್ಲ. ಸೋಮವಾರ ಬಂತೆಂದರೆ ಏನಾದರೊಂದು ಬದಲಿಸಲೇಬೇಕು.

ನಿಂತವನ ಕೆಲಸ

ಮೊದಲ ಪಂದ್ಯ ಶಿಗ್ಗಾವಿಯವರ ಜೊತೆ. ಒಂದೇ ಗೋಲಿನಿಂದ ಸೋತೆವು. ಸೋಮವಾರ ಸಾಹುಕಾರರು ನನ್ನನ್ನು ಕರೆಸಿದರು.

"ಎಲ್ಲಾರೂ ಓಡಾಕತ್ತಿದ್ರು. ನೀ ಒಬ್ಬಾಂವ ಯಾಕ ನಿಂತಿದ್ದಿ?"

"ಗೋಲ್ ಕಾಯಾಕ್ರಿ."

"ಅದೇನು ಎದ್ದು ಹೋಗ್ತದೇನು? ಕಂಬ ಆಳ ನೆಡಿಸೇನಿ. ಬರೋ ಶನಿವಾರ ನೀನೂ ಓಡಬೇಕು."

ಫಿಟ್ಟರ್ ತಿಳಿಸಿ ಹೇಳಲು ಹೋದ. ಸಾಹುಕಾರರು ಅವನ ಕಡೆ ನೋಡಲೂ ಇಲ್ಲ. ಶನಿವಾರ ಅದೇ ಶಿಗ್ಗಾವಿಯವರು ಬಂದರು. ನಾನು ಚೆಂಡಿನ ಹಿಂದೆ ಅರ್ಧ ಮೈದಾನ ಓಡುವುದು, ಚೆಂಡು ನನ್ನ ತಲೆಯ ಮೇಲಿಂದ ವಾಪಸು ಹೋಗುವುದು, ನಾನು ತಿರುಗಿ ಓಡುವುದು. ಹೀಗೆ ಆರು ಗೋಲು ಆದವು. ಆಟ ಮುಗಿದ ಮೇಲೆ ಏದುಸಿರು ಬಿಡುತ್ತ ಸಾಹುಕಾರರ ಮುಂದೆ ತಲೆ ತಗ್ಗಿಸಿ ನಿಂತೆ. ಬೈಗುಳಕ್ಕೆ ಕಾದಿದ್ದೆ. ಅವರು ಬೆನ್ನು ತಟ್ಟಿದರು.

"ಓಟ ಛಲೋ ಐತಿ. ಆದ್ರ ಆರೂ ಸಲ ತಡಾ ಮಾಡಿ ಬಂದಿ."

ಮಾಸೂರಿನ ಹೋಳಿಗೆ

ನಮ್ಮವರ ಮೈಯಲ್ಲಿ ಶಕ್ತಿ ಇಲ್ಲ ಎಂದು ಸಾಹುಕಾರರಿಗೆ ಆಮೇಲೆ ಅನಿಸಿತು. ಹಿರೇಕೆರೂರಿನ ಪಂದ್ಯಕ್ಕೆ ಹೊರಟಾಗ ದಾರಿ ಸುತ್ತಾದರೂ ಮಾಸೂರಿಗೆ ಹೋಗಿ, ಮದಗದ ಕೆರೆಯ ದಂಡೆಯ ಮೇಲೆ ಗಿರಣಿಯ ಲಾರಿ ನಿಲ್ಲಿಸಿ ಹೋಳಿಗೆ ಬಡಿಸಲು ಶುರು ಮಾಡಿದರು. ಮೇಲೆ ತುಪ್ಪದ ಧಾರೆ.

"ಆಡಿದ ಮ್ಯಾಲ ಉಣ್ತೇವ್ರಿ," ಎಂದ ಫಿಟ್ಟರ್.

"ಎತ್ತಿಗೆ ಹೂಡೋ ಮೊದಲ ಮೇವು ಹಾಕ್ತಾರ. ಸುಮ್ನ ಉಣ್ಣು."

ಉಂಡೆವು. ಕೆರೆಯ ಕಡೆಯಿಂದ ತಂಪು ಗಾಳಿ ಬೇರೆ. ಹಿರೇಕೆರೂರಿನ ಮೈದಾನಕ್ಕೆ ಇಳಿದಾಗ ನಮ್ಮ ಅರ್ಧ ಟೀಮು ಕಣ್ಣು ತೆರೆಯಲು ಒದ್ದಾಡುತ್ತಿತ್ತು. ಎರಡನೆಯ ಅರ್ಧದಲ್ಲಿ ನಮ್ಮ ಬ್ಯಾಕ್ ಆಡುವವ ಬೇವಿನ ಮರದ ನೆರಳಿಗೆ ಹೋಗಿ ಕೂತವ ಏಳಲೇ ಇಲ್ಲ. ನಾಲ್ಕು ಗೋಲಿನಿಂದ ಸೋತೆವು.

ಸೋಮವಾರ ಸಾಹುಕಾರರ ಮುಖ ಅರಳಿತ್ತು. "ಹೋಳಿಗಿ ಉಂಡವರು ಸೋಲ್ತಾರ, ಹೌದಲ್ಲೋ? ಹಂಗಾದ್ರ ಮುಂದಿನ ಸಲ ಅವರಿಗೇ ಉಣಸೋಣು."

ಹಿರೇಕೆರೂರಿನವರು ಸವಣೂರಿಗೆ ಬಂದರು. ಸಾಹುಕಾರರು ಸೊಂಟಕ್ಕೆ ಪಂಚೆ ಬಿಗಿದು ತಾವೇ ನಿಂತು ಬಡಿಸಿದರು. ಸಾಕು ಎಂದವರ ಎಲೆಗೂ ಇನ್ನೊಂದು. ನನಗೆ ಆಸೆ ಹುಟ್ಟಿತು. ಇವತ್ತಾದರೂ ಗೆದ್ದೇವು ಎಂದು ಊಟದ ಸಾಲಿನ ಹಿಂದೆ ಅತ್ತ ಇತ್ತ ಓಡಾಡಿದೆ. ಆದರೆ ಆ ಮಂದಿ ಕೈ ತೊಳೆದುಕೊಂಡು ಮೈದಾನಕ್ಕೆ ಇಳಿದವರೇ ಗಾಳಿಗಿಂತ ಜೋರಾಗಿ ಓಡಿದರು. ಐದು ಗೋಲು ಹೊಡೆದರು. ಹೊರಡುವಾಗ ಅವರ ಕ್ಯಾಪ್ಟನ್ ಸಾಹುಕಾರರಿಗೆ ಕೈ ಮುಗಿದ.

"ಸಾಹುಕಾರ್ರ, ಇಂಥಾ ಊಟಾ ಹಾಕಿದವರ ಮುಂದ ಸುಮಾರ ಆಡಿದ್ರ ಛಂದ ಅಲ್ಲಂತ, ಜೀವಾ ಬಿಟ್ಟು ಆಡಿದ್ವಿರಿ."

ಯಲವಿಗಿಯಲ್ಲಿ ಇಳಿದ ಪೈಲ್ವಾನ

ಒಂದು ದಿನ ಸಾಹುಕಾರರು ಏನೋ ಕೆಲಸಕ್ಕೆ ಯಲವಿಗಿ ಸ್ಟೇಶನ್ನಿಗೆ ಹೋಗಿದ್ದರು. ಹುಲಗೂರಿನ ಉರುಸಿನ ಕುಸ್ತಿಗೆಂದು ಹೊರಟಿದ್ದ ಪೈಲ್ವಾನನೊಬ್ಬ ರೈಲಿನಿಂದ ಇಳಿದ. ಸಾಹುಕಾರರು ಅವನ ತೊಡೆ ನೋಡಿದರು, ನಮ್ಮ ಕಡ್ಡಿ ಕಾಲು ನೆನೆಸಿಕೊಂಡರು. ದಿನಾ ಹಾಲು ಬದಾಮಿ ಕೊಡುವುದಾಗಿ ಒಪ್ಪಿಸಿ ಬಂಡಿ ಹತ್ತಿಸಿಕೊಂಡೇ ಬಂದರು.

"ಆಟಾ ಬರ್ತದೇನ್ರಿ ಇವರಿಗೆ?" ಎಂದು ಫಿಟ್ಟರ್ ಕೇಳಿದ.

"ಮೈ ನೋಡೋ. ಆಟಾ ತಾನಾಗೇ ಬರ್ತದ."

ಶನಿವಾರ ಮತ್ತೆ ಶಿಗ್ಗಾವಿಯವರು. ರೆಫರಿ ನಮ್ಮ ಸಾಲೆಯ ಡ್ರಿಲ್ ಮಾಸ್ತರರು. ಶಿಗ್ಗಾವಿಯ ಹುಡುಗನೊಬ್ಬ ಚೆಂಡು ತೆಗೆದುಕೊಂಡು ಪೈಲ್ವಾನನ ಪಕ್ಕದಿಂದ ಓಡಿದ. ಪೈಲ್ವಾನ ಚೆಂಡಿನ ಗೊಡವೆಗೆ ಹೋಗಲಿಲ್ಲ. ಆ ಹುಡುಗನ ಸೊಂಟ ಹಿಡಿದು, ಎತ್ತಿ, ಮೆಲ್ಲಗೆ ಅಂಗಾತ ಮಲಗಿಸಿ, ಎದೆಯ ಮೇಲೆ ಕೈ ಇಟ್ಟು ನಾಲ್ಕೂ ಕಡೆ ನೋಡಿದ. ಜನ ಶಿಳ್ಳೆ ಹಾಕಿದರು. ಮಾಸ್ತರರು ಸೀಟಿ ಊದುತ್ತ ಓಡಿ ಬಂದು ಪೈಲ್ವಾನನಿಗೆ ಹೊರಗೆ ಹೋಗಲು ಹೇಳಿದರು. ಸಾಹುಕಾರರು ಕುರ್ಚಿ ಬಿಟ್ಟು ಮೈದಾನದ ನಡುವಿಗೇ ಬಂದರು.

"ಯಾಕ್ರಿ ಮಾಸ್ತರ, ನಮಗ ಗೋಲ್ ಯಾಕ ಕೊಡಾವಲ್ರಿ? ಎರಡೂ ಭುಜಾ ನೆಲಕ್ಕ ಹತ್ತ್ಯಾವು, ಬಗ್ಗಿ ನೋಡ್ರಿ."

ಬೀಗರ ಪಂದ್ಯ

ಹಾನಗಲ್ಲಿನಲ್ಲೂ ಒಬ್ಬ ಸಾಹುಕಾರರು ಟೀಮು ಇಟ್ಟಿದ್ದರು. ಅವರ ಮಗನೇ ಅದರ ಮುಂದಾಳು. ಆ ಹುಡುಗನಿಗೆ ನಮ್ಮ ಸಾಹುಕಾರರ ಮಗಳನ್ನು ಕೊಡುವ ಮಾತು ನಡೆದಿತ್ತು. ನೋಡಿದ ಹಾಗೂ ಆಯಿತು, ಆಡಿದ ಹಾಗೂ ಆಯಿತು ಎಂದು ಎರಡೂ ಮನೆಯವರು ಸವಣೂರಿನಲ್ಲಿ ಪಂದ್ಯ ಇಟ್ಟರು. ಆ ದಿನ ಮುಂಜಾನೆ ಸಾಹುಕಾರರು ನಮ್ಮನ್ನೆಲ್ಲ ಕೂಡಿಸಿದರು.

"ಬೀಗರಾಗೋ ಮಂದಿ. ಸಣ್ಣ ಮಾರಿ ಮಾಡಿಕೊಂಡು ಹೋಗಬಾರದು. ಇವತ್ತು ನಾವು ಸೋಲಬೇಕು. ಅಪ್ಪಿ ತಪ್ಪಿ ಗೆದ್ರಿ ಅಂದ್ರ ಟೀಮು ಇವತ್ತಿಗೇ ಬಂದ್."

"ಸೋಲೂದನ್ನ ನಮಗ ಹೇಳಿಕೊಡಬೇಕೇನ್ರಿ?" ಎಂದ ಫಿಟ್ಟರ್.

ಆಟ ಶುರುವಾದ ಸ್ವಲ್ಪ ಹೊತ್ತಿಗೆ ನನಗೆ ಅನುಮಾನ ಬಂತು. ನಾವು ಚೆಂಡು ಬಿಟ್ಟುಕೊಟ್ಟರೆ ಹಾನಗಲ್ಲಿನವರು ನಮಗೇ ವಾಪಸು ಕೊಡುತ್ತಿದ್ದರು. ನಮ್ಮವರು ದಾರಿ ಬಿಟ್ಟು ನಿಂತರೆ ಅವರು ಬೇರೆ ಕಡೆ ತಿರುಗುತ್ತಿದ್ದರು. ಮುಕ್ಕಾಲು ತಾಸು ಕಳೆದರೂ ಚೆಂಡು ಯಾರಿಗೂ ಬೇಡವಾಗಿ ನಡುವೆಯೇ ಉರುಳಾಡಿತು. ಟೀಮಿನ ಹಣೆಬರಹ ನೆನೆದು ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಕೊನೆಗೆ ಚೆಂಡು ತಾನಾಗಿ ಉರುಳಿ ಬಂದು ವರನ ಕಾಲಿಗೆ ಸಿಕ್ಕಿತು. ಎದುರಿಗೆ ನಾನೊಬ್ಬನೇ. ಅವ ಹತ್ತಿರ ಬಂದು ನಿಂತುಬಿಟ್ಟ.

"ಹಿಡೀರಿ," ಎಂದ ಮೆಲ್ಲಗೆ.

ನಾನು ಪಕ್ಕಕ್ಕೆ ಸರಿದೆ. "ನೀವು ಹೊಡೀರಿ. ನಮಗ ಸೋಲ್ರಿ ಅಂತ ಹುಕುಂ ಆಗೇತಿ."

"ನಮ್ಮ ಅಪ್ಪಾರೂ ಹಂಗ ಅಂದಾರ್ರಿ. ಹೆಣ್ಣಿನವರ ಮನಸು ನೋಯಸಬಾರದಂತ. ದಯಮಾಡಿ ಹಿಡೀರಿ."

"ಹಿಡದ್ರ ನಮ್ಮ ಟೀಮು ಉಳಿಯೂದಿಲ್ರಿ. ಬರ್ರಿ, ಒಳಗ ಬರ್ರಿ."

ಹೀಗೆ ಇಬ್ಬರೂ ಕೈ ತೋರಿಸುತ್ತ ನಿಂತೆವು. ಗೋಲಿನ ಕಂಬಗಳ ಹಿಂದೆಯೇ ಹೆಣ್ಣುಮಕ್ಕಳ ಸವಾರಿ ಬಂಡಿ ನಿಂತಿತ್ತು. ಬಂಡಿಯ ಪರದೆಯ ಒಳಗಿನಿಂದ ಸಾಹುಕಾರರ ಮಗಳು ತನ್ನ ಸೋದರತ್ತೆಗೆ ಹೇಳಿದ ಮಾತು ನಮ್ಮಿಬ್ಬರಿಗೂ ಸ್ಪಷ್ಟ ಕೇಳಿಸಿತು.

"ಅತ್ತೀ, ಬಾಗಲತನಾ ಬಂದು ಒಳಗ ಹೋಗಾಕ ಹೆದರೋ ವರಾ ನನಗ ಬ್ಯಾಡ."

ವರನ ಕಿವಿ ಕೆಂಪಾದವು. ಎರಡು ಹೆಜ್ಜೆ ಹಿಂದೆ ಸರಿದು ಒದ್ದ ನೋಡಿ, ಚೆಂಡು ನೇರ ನನ್ನ ಹೊಟ್ಟೆಗೆ ಬಡಿಯಿತು. ನಾನು ಚೆಂಡಿನ ಸಮೇತ ಕಂಬಗಳ ಆಚೆ ಬಿದ್ದೆ. ಟೀಮು ಉಳಿಯಿತು, ಆ ವರ್ಷವೇ ಲಗ್ನವೂ ಆಯಿತು. ಸೋತ ಟೀಮಿನ ಮಾಲಕರು ಊರಿಗೆಲ್ಲ ಪೇಡೆ ಹಂಚಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಆದರೆ ಅವೆಲ್ಲ ಆಮೇಲೆ. ಆ ಗಳಿಗೆಯಲ್ಲಿ ನನಗೆ ಉಸಿರು ಸಿಕ್ಕಿರಲಿಲ್ಲ. ವರ ಓಡಿ ಬಂದು ನನ್ನ ಮೇಲೆ ಬಾಗಿದ. ಎಬ್ಬಿಸಲಿಕ್ಕೆ ಬಂದ, ಒಳ್ಳೆಯ ಹುಡುಗ ಎಂದುಕೊಂಡು ಕೈ ಚಾಚಿದೆ. ಅವ ಕೈ ಹಿಡಿಯಲಿಲ್ಲ. ಬಂಡಿಯ ಕಡೆ ಓರೆಗಣ್ಣು ಹಾಯಿಸಿ, ನನ್ನ ಕಿವಿಯ ಹತ್ತಿರ ಬಂದು ಕೇಳಿದ.

"ಅವರು ನೋಡಿದ್ರೇನ್ರಿ? ಇಲ್ಲಾಂದ್ರ ಏಳ್ರಿ, ಇನ್ನೊಂದ ಸಲ ನಿಂದರ್ರಿ."