ನೇಪಿಯರ್ ಹುಲ್ಲೂ ನಮ್ಮ ಮನೆಯ ಸಂಶಯವೂ

ಹುಲ್ಲಿನ ವಿಷಯದಲ್ಲಿ ಸಂಶಯಪಡುವಂಥದ್ದು ಏನಿದೆ ಅಂತ ನೀವು ಕೇಳಬಹುದು. ನಮ್ಮ ಮನೆಗೆ ಅದು ಬಂದ ದಿನದಿಂದ ಯಾರಾದರೊಬ್ಬರು ಸಂಶಯಪಡುತ್ತಲೇ ಇದ್ದಾರೆ. ನೇಪಿಯರ್ ಹುಲ್ಲು. ಒಮ್ಮೆ ನೆಟ್ಟರೆ ಸಾಕು, ವರ್ಷಗಟ್ಟಲೆ ಕೊಯ್ದಷ್ಟೂ ಬರುತ್ತದೆ. ತಂದವಳು ನನ್ನ ಹೆಂಡತಿ. ಅವಳು ಹೋದಳು. ಹುಲ್ಲು ಬರುತ್ತಾ ಇದೆ.

ಬಸ್ಸಿನಲ್ಲಿ

ಎರಡು ಸಾವಿರನೇ ಇಸವಿಯ ಆಚೀಚೆ ಇರಬೇಕು. ಹೆಂಡತಿಯ ತವರು ಕೆರಾಡಿ. ಅಲ್ಲಿಂದ ಗೋಣಿ ತುಂಬ ಹುಲ್ಲಿನ ದಂಟು ತುಂಬಿಸಿಕೊಂಡು ಬಸ್ ಹತ್ತಿದೆವು. ಇದಕ್ಕೆ ಬೀಜ ಹಾಕುವುದಿಲ್ಲ, ದಂಟನ್ನೇ ನೆಡುವುದು. ನೋಡಲಿಕ್ಕೆ ಸಪೂರ ಕಬ್ಬಿನ ಹಾಗೆ. ಕಂಡಕ್ಟರ್ ಗೋಣಿಯ ಬಾಯಿ ಬಿಚ್ಚಿ ನೋಡಿದ. ಕಬ್ಬಿಗೆ ಲಗೇಜು ಟಿಕೆಟ್ ಆಗಬೇಕು ಅಂದ. ಹುಲ್ಲು ಅಂದೆ. ಇಷ್ಟು ದಪ್ಪದ ಹುಲ್ಲು ತಾನು ಕಂಡಿಲ್ಲ ಅಂದ. ಹೆಂಡತಿ ವಾದ ಮಾಡಲಿಲ್ಲ. ಒಂದು ದಂಟು ಎಳೆದು ಅವನ ಕೈಗೆ ಕೊಟ್ಟಳು.

"ತಿಂದ್ ಕಾಣಿ."

ಅವನು ಹಲ್ಲಲ್ಲಿ ಸಿಗಿದು ಜಗಿದ. ಲಗೇಜಿನ ಮಾತು ಅಲ್ಲಿಗೆ ನಿಂತಿತು. ಕುಂದಾಪುರ ಬರುವವರೆಗೂ ಕಿಟಕಿಯಿಂದ ಉಗಿಯುತ್ತಾ ಇದ್ದ. ಇಳಿಯುವಾಗ ಮಾತ್ರ ಕೇಳಿದ, ಇದನ್ನು ದನ ತಿನ್ನುವುದು ಖಂಡಿತವಾ ಅಂತ.

ಅಮ್ಮ

ದಂಟನ್ನು ಎರಡೆರಡು ಗಣ್ಣು ಇರುವ ಹಾಗೆ ತುಂಡು ಮಾಡಬೇಕು. ಒಂದು ಗಣ್ಣು ಮಣ್ಣೊಳಗೆ, ಒಂದು ಹೊರಗೆ. ಸ್ವಲ್ಪ ಓರೆಯಾಗಿ ಊರಬೇಕು. ಬುಡದಲ್ಲಿ ನೀರು ನಿಲ್ಲಬಾರದು. ಹೆಂಡತಿ ಹಾಗೆಯೇ ನೆಟ್ಟು ಸಗಣಿ ನೀರು ಹೊಯ್ದಳು.

ಗದ್ದೆಯ ಹುಲ್ಲು ಕಿತ್ತು ಕಿತ್ತು ಬೆನ್ನು ಬಾಗಿದವಳು ನನ್ನ ಅಮ್ಮ. ಹುಲ್ಲು ನೆಡುವ ಸೊಸೆಯನ್ನು ಅವಳು ನಂಬಲಿಲ್ಲ.

ತುಂಡು ಚಿಗುರಲೇ ಇಲ್ಲ. ಹೆಂಡತಿಗೆ ಹೆಗ್ಗಣದ ಮೇಲೆ ಸಂಶಯ. ಒಂದು ಬೆಳಿಗ್ಗೆ ನೋಡಿದರೆ ಅಮ್ಮ ಸಾಲಿನ ನಡುವೆ ಕೂತಿದ್ದಾಳೆ. ಒಂದೊಂದೇ ತುಂಡು ಕೀಳುವುದು, ಬುಡ ನೋಡುವುದು, ಮತ್ತೆ ಊರುವುದು. ಎಂತ ಮಾಡುವುದು ಅತ್ತೆ ಅಂತ ಹೆಂಡತಿ ಕೇಳಿದಳು.

"ಬೇರ್ ಬಂತಾ ಅಂದ್ಹೇಳಿ ಕಾಂತಿದ್ದೆ. ಕಾಣ್ದೆ ನಂಬುದ್ ಹ್ಯಾಂಗೆ ಹೆಣ್ಣೆ?"

ಹೆಂಡತಿ ಒಂದು ತುಂಡನ್ನು ಅಮ್ಮನಿಗೇ ಬಿಟ್ಟುಕೊಟ್ಟಳು, ದಿನಾ ಕಿತ್ತು ನೋಡಲಿಕ್ಕೆ. ಉಳಿದದ್ದೆಲ್ಲ ಚಿಗುರಿತು. ಅದೊಂದು ಒಣಗಿತು. ತಾನು ಮೊದಲೇ ಹೇಳಿದ್ದೆ ಅಂದಳು ಅಮ್ಮ.

ಕಳ್ಳಿ

ಅಮ್ಮ ಹೋಗಿ ಎಷ್ಟೋ ವರ್ಷ ಆಯಿತು. ಹೆಂಡತಿ ಹೋದದ್ದು ಮೊನ್ನೆ ಮೊನ್ನೆ, ಮಳೆಗಾಲ ಮುಗಿಯುವ ಹೊತ್ತಿಗೆ. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿಸಿ ನೆಂಟರು ಹೋದರು. ಮನೆಯಲ್ಲಿ ನಾನು, ಹಟ್ಟಿಯಲ್ಲಿ ಅವಳ ಗಬ್ಬದ ದನ.

ನಾನು ಎದ್ದು, ಚಾ ಕುಡಿದು, ಹುಲ್ಲು ಕೊಯ್ದು ಹಾಕಿದರೆ ದನ ಮೂಸಿ ಮುಖ ತಿರುಗಿಸುತ್ತಿತ್ತು. ದಿನಾ ಹಾಗೇ. ಅವಳನ್ನು ನೆನೆದು ಊಟ ಬಿಟ್ಟಿದೆ ಅಂತ ತಿಳಿದೆ. ಸಿಕ್ಕಿದವರಿಗೆಲ್ಲ ಹೇಳಿದೆ. ಕೇಳಿದವರು ಕಣ್ಣು ಒರೆಸಿಕೊಂಡರು. ನನಗಾದರೆ ಊಟ ಸೇರುತ್ತಿತ್ತು. ದನದ ಎದುರು ನಾಚಿಕೆಯಾಯಿತು. ಇದೂ ನನ್ನ ಕಣ್ಣೆದುರು ಸಾಯುವುದು ಬೇಡ ಅಂತ ಬ್ರಹ್ಮಾವರದ ಒಬ್ಬನಿಗೆ ಕೊಡುತ್ತೇನೆ ಅಂದುಬಿಟ್ಟೆ.

ಇದರ ನಡುವೆ ಹುಲ್ಲು ಕಳವು. ಬೆಳಗಾಗುವುದರೊಳಗೆ ಬೇಲಿ ಬದಿಯ ಸಾಲು ಬೋಳು. ಬುಡದಲ್ಲಿ ನಾಲ್ಕು ಬೆರಳು ಬಿಟ್ಟು ನೀಟಾಗಿ ಕೊಯ್ದದ್ದು. ಕ್ರಮ ಗೊತ್ತಿದ್ದವರ ಕೆಲಸ. ನನ್ನ ಸಂಶಯ ಆಚೆ ಮನೆಯ ಹೆಂಗಸಿನ ಮೇಲೆ. ಅವಳಿಗೂ ದನ ಇದೆ. ಹೆಂಡತಿಯನ್ನು ಬಾಯಿತುಂಬ ಅಕ್ಕ ಅನ್ನುತ್ತಿದ್ದವಳು.

ದನ ಹೋಗುವ ದಿನ ಬೇಗ ಎಚ್ಚರವಾಯಿತು. ಹೊರಗೆ ಬಂದರೆ ಅವಳೇ. ತಲೆಯ ಮೇಲೆ ಹುಲ್ಲಿನ ಹೊರೆ. ಸಿಕ್ಕಿದಳು ಅಂತ ಹಿಂದೆ ಹೋದೆ. ಅವಳು ಬೇಲಿ ದಾಟಲಿಲ್ಲ. ನಮ್ಮ ಹಟ್ಟಿಗೇ ಹೋದಳು. ಹುಲ್ಲು ತುಂಡು ಮಾಡಿ ಹಾಕಿದಳು. ದನ ತಲೆ ಎತ್ತದೆ ತಿಂದಿತು.

ಇದೆಂತ ಅಂತ ಕೇಳಿದೆ.

"ನೀವ್ ಏಳುದ್ ಎಂಟ್ ಗಂಟಿಗೆ ಅಣ್ಣಯ್ಯ. ಅಲ್ಲಿವರಿಗ್ ಗಬ್ಬದ್ ದನ ಉಪಾಸ ಕೂಕಾ? ನೀವ್ ಮನ್ಕಣ್ಲಿ ಅಂದ್ಹೇಳಿ ಕರಿಲಿಲ್ಲ."

ದುಃಖಕ್ಕೆ ದನ ಊಟ ಬಿಟ್ಟಿದೆಯಲ್ಲ ಅಂದೆ. ಅವಳು ದನವನ್ನು ನೋಡಿದಳು. ನನ್ನನ್ನೂ ನೋಡಿದಳು.

"ಬಿಟ್ಟದ್ದಲ್ಲ. ಹೊಟ್ಟಿ ತುಂಬಿದ್ದ್."

ಸ್ವಲ್ಪ ಹೊತ್ತಿಗೆ ಬ್ರಹ್ಮಾವರದವನು ಗಾಡಿ ತಂದ. ದನ ಕೊಡುವುದಿಲ್ಲ ಅಂದೆ. ಅವನಿಗೆ ಸಂಶಯ ಬಂತು. ನಿನ್ನೆವರೆಗೆ ದುಃಖದಲ್ಲಿ ಸಾಯುತ್ತಿದ್ದ ದನಕ್ಕೆ ಇವತ್ತು ಏನಾಯಿತು ಅಂತ ಕೇಳಿದ. ಊರಿಗೆಲ್ಲ ಹೇಳಿಯಾಗಿದೆ. ಹೊಟ್ಟೆ ತುಂಬಿತ್ತು ಅನ್ನುವುದು ಹೇಗೆ?

"ಈಗ ದುಃಖ ಕಡ್ಮಿ ಆಯ್ತ್" ಅಂದೆ.

"ಯಾರಿಗೆ?" ಅಂದ.

"ದನಕ್ಕೆ" ಅಂದೆ.