ಪೆಟ್ಟಿಗೆಯೊಳಗಿನ ನವಿಲು

ನವಲಗುಂದದ ಜಮಖಾನೆ ನೇಕಾರರ ಸಂಘದ ಕಂಪ್ಯೂಟರಿನಿಂದ ಚಿಟಿಕೆಯಷ್ಟು ಹೊಗೆ ಬಂದದ್ದು ಎಂಬತ್ತೊಂಬತ್ತರ ಒಂದು ಸೋಮವಾರ. ಒಳಗಿನ ಕಾರ್ಡೊಂದು ಸುಟ್ಟಿತ್ತು. ಜಮಖಾನೆಯ ನಮೂನೆಗಳಿದ್ದ ಡಿಸ್ಕಿಗೆ ಏನೂ ಆಗಿರಲಿಲ್ಲ. ಆದರೆ ಡಿಸ್ಕಿಗೂ ಯಂತ್ರಕ್ಕೂ ನಡುವೆ ಮಾತು ಸಾಗಿಸುವ ಕಾರ್ಡೇ ಸತ್ತ ಮೇಲೆ ಡಿಸ್ಕು ಇದ್ದೂ ಇಲ್ಲದಂತಾಗಿತ್ತು. ಗುರುವಾರ ಬೆಳಿಗ್ಗೆಯ ಬಸ್ಸಿಗೆ ಹುಬ್ಬಳ್ಳಿಯಿಂದ ಬೇರೆ ಕಂಪನಿಯ ಹೊಸ ಕಾರ್ಡು ಬಂತು. ಹಾಕಿ ನೋಡಿದರೆ ಕಂಪ್ಯೂಟರು ಅದರ ಗುರುತೇ ಹಿಡಿಯಲಿಲ್ಲ.

ಈ ಸಂಕಟ ಬಿದ್ದದ್ದು ಗುಮಾಸ್ತ ಹಜರತಅಲಿಯ ತಲೆಗೆ. ಮೊದಲು ಬಣ್ಣದ ಹಂಡೆಯ ಮುಂದೆ ನಿಂತು ನೂಲು ಅದ್ದುತ್ತಿದ್ದವ ಅವನು. ಧಾರವಾಡದಲ್ಲಿ ಒಂದು ತಿಂಗಳು ಕಲಿತು ಬಂದು, ಸದ್ಯಕ್ಕೆಂದು ಕುರ್ಚಿಯ ಮೇಲೆ ಕೂತಿದ್ದ. ಯುನಿಕ್ಸಿನ ಹಾಗೆಯೇ ನಡೆಯುವ ಒಂದು ವ್ಯವಸ್ಥೆಯನ್ನು ಅಲ್ಲಿನ ಮಾಸ್ತರರು ಫ್ಲಾಪಿಗಳಲ್ಲಿ ಪುಕ್ಕಟೆ ಕೊಟ್ಟಿದ್ದರು. ಅದನ್ನು ಯಾರು ಬೇಕಾದರೂ ಬಿಚ್ಚಿ ಓದಬಹುದಿತ್ತು, ತಿದ್ದಬಹುದಿತ್ತು. ಗುಟ್ಟೇ ಇಲ್ಲದ ಅದನ್ನು ಕಂಡು ಹಜರತಅಲಿಯ ಕಣ್ಣು ತುಂಬಿ ಬಂದಿತ್ತು. ಅವನು ಹಸನಬಿಯ ಅಳಿಯನಲ್ಲವೇ!

ನವಿಲು, ಪಗಡೆ ಹಾಸು ಮೊದಲಾದ ಹಸನಬಿಯ ಮನೆಯ ಹನ್ನೆರಡು ನಮೂನೆಗಳನ್ನು ಊರಲ್ಲಿ ಬೇರಾರೂ ನೇಯಲಾರರು. ಆಕೆ ಅವನ್ನು ಸೊಸೆಯಂದಿರಿಗೆ ಮಾತ್ರ ಕಲಿಸುತ್ತಾಳೆ, ಮಗಳಿಗಿಲ್ಲ. ಮಗಳು ಇನ್ನೊಂದು ಮನೆಗೆ ಹೋಗುವವಳು, ಅವಳ ಬೆನ್ನಿಗೆ ನಮೂನೆಯೂ ಹೋಗುತ್ತದೆ. ಹಜರತಅಲಿ ಮೂರು ತಿಂಗಳು ಅಂಗಲಾಚಿದ ಮೇಲೆ ಎಳೆ ಎಳೆಯಾಗಿ ಹೇಳಿ ಬರೆಸಲು ಹೇಗೋ ಒಪ್ಪಿದ್ದಳು.

"ಈ ಪೆಟ್ಟಿಗಿ ಲಗ್ನಾಗಿ ಮಂದಿ ಮನಿಗೆ ಹೋಗಾಂಗಿಲ್ಲಲ್ಲ, ಬರ್ಕೋ," ಎಂದಿದ್ದಳು.

ಆ ಗುರುವಾರವೇ ಮೇಲಿನ ಕಚೇರಿಯ ಸಾಹೇಬರು ಬರುವವರಿದ್ದರು. ಸಂಘದ ಅಧ್ಯಕ್ಷ ಶಂಕ್ರಪ್ಪ ಮೊದಲೇ ಹೇಳಿಬಿಟ್ಟ. "ಸಾಹೇಬ್ರು ನಾಕಕ್ಕ ಬರತಾರ. ಪೆಟ್ಟಿಗ್ಯಾಗಿನ ನವಿಲು ಕಾಗದದ ಮ್ಯಾಲ ಬಂತಂದ್ರ ನೀ ಪರ್ಮನೆಂಟ್. ಬರಲಿಲ್ಲಂದ್ರ ಹಂಡೆ ಅಲ್ಲೇ ಐತಿ ನೋಡಪಾ."

ಹಜರತಅಲಿ ಪೋಸ್ಟ್ ಆಫೀಸಿಗೆ ಓಡಿ ಹೊಸ ಕಾರ್ಡಿನ ಕಂಪನಿಗೆ ಟ್ರಂಕ್‌ಕಾಲ್ ಹಚ್ಚಿಸಿದ. ಎರಡು ತಾಸು ಕಾದ ಮೇಲೆ ಬೆಂಗಳೂರಿನ ದನಿಯೊಂದು ಸಿಕ್ಕಿತು.

"ಆ ಕಾರ್ಡಿನ ವಿವರ ಹೊರಗೆ ಕೊಡಲ್ಲ ಸಾರ್. ನಮ್ಮ ಕಂಪನಿ ವ್ಯವಸ್ಥೆನೇ ತಗೊಳ್ಳಿ, ತಾನಾಗೇ ನಡೆಯುತ್ತೆ."

ಅಷ್ಟೂ ಹೊತ್ತು ಕಿವಿಗೊಟ್ಟು ಕೂತಿದ್ದ ಪೋಸ್ಟ್‌ಮಾಸ್ತರ ಗುಡದಪ್ಪನಿಗೆ ತಡೆಯಲಾಗಲಿಲ್ಲ. ಫೋನು ಕಸಿದುಕೊಂಡ. "ಏನ್ರೀ, ಕೀಲಿಕೈ ನೀವ ಇಟ್ಕೊಂಡು ಪೆಟ್ಟಿಗಿ ಮಾರಿದಾಂಗಾತಲ್ರಿ ಇದು! ನಮ್ಮೂರಂದ್ರ ಏನ ತಿಳ್ಕೊಂಡೀರಿ?"

ಲೈನು ಕಟ್ಟಾಯಿತು. ಮತ್ತೆ ಸಿಗಲಿಲ್ಲ.

"ನಾ ಇದ್ದದ್ದಕ್ಕ ಇಷ್ಟಾತು ನೋಡು," ಎಂದ ಗುಡದಪ್ಪ.

ಹಜರತಅಲಿ ಸಂಘಕ್ಕೆ ಮರಳಿ ನೆಲದ ಮೇಲೆ ಕುಸಿದು ಕೂತ. ಎದುರಿಗೆ ನಿಲುಮಗ್ಗದಲ್ಲಿ ಹಸನಬಿ ಕಬ್ಬಿಣದ ಪಂಜದಿಂದ ಎಳೆ ಬಡಿಯುತ್ತಿದ್ದಳು.

"ಕಂಪನಿಯವ್ರು ಗುಟ್ಟು ಬಿಡವಲ್ರು ಅಮ್ಮಾ."

"ಯಾಕ ಬಿಡಬೇಕು? ಅದು ಅವರ ಮನಿ ಬದುಕು." ಆಕೆ ಕಂಪನಿಯ ಬಗ್ಗೆ ಗೌರವದಿಂದಲೇ ಮಾತಾಡಿದಳು. "ಮಂದಿ ಮನಿ ನಮೂನಿ ಬೇಕಂದ್ರ ಕೇಳಬಾರದು ಬೇಟಾ. ಜಮಖಾನಿ ಬೆನ್ನ ತಿರುವಿ ನೋಡಬೇಕು. ಮ್ಯಾಲ ಬರೇ ನವಿಲ ಕಾಣತೈತಿ. ಎಳಿ ಎಲ್ಲೆ ಹುಟ್ಟೇತಿ, ಎಲ್ಲೆ ತಿರುಗೇತಿ, ಅದು ಬೆನ್ನಿಗಷ್ಟ ಗೊತ್ತು."

ಹಜರತಅಲಿ ಹೊಸ ಕಾರ್ಡು ಕಿತ್ತು ತಿರುವಿದ. ಬೆಸುಗೆಯ ಚುಕ್ಕೆಗಳ ನಡುವೆ ಇರುವೆಯಂಥ ಅಕ್ಷರದಲ್ಲಿ ಎರಡು ಅಂಕಿಗಳಿದ್ದವು: 320, 324. ಯಂತ್ರವು ಕಾರ್ಡನ್ನು ಕೂಗಿ ಕರೆಯುವ ವಿಳಾಸಗಳು ಅವು. ಹಳೆಯ ಕಾರ್ಡು ಓಗೊಡುತ್ತಿದ್ದದ್ದು ಮೊದಲನೆಯದಕ್ಕೆ. ಹೊಸದನ್ನು ಎರಡನೆಯದಕ್ಕೆ ಬೆಸೆದುಬಿಟ್ಟಿದ್ದರು. ಕಂಪನಿಯ ಮಹಾಗುಟ್ಟು ಇಷ್ಟೇ. ಮಾತು ಅದೇ, ಬಾಗಿಲು ಮಾತ್ರ ಬೇರೆ.

ಕಾರ್ಡಿನೊಡನೆ ಮಾತಾಡುವ ಪುಟ್ಟ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಪುಕ್ಕಟೆ ವ್ಯವಸ್ಥೆಯಲ್ಲಿ ಅದು ಬಟಾಬಯಲಾಗಿತ್ತು. ಹಜರತಅಲಿ ಅದರಲ್ಲಿ ಒಂದೇ ಒಂದು ಅಂಕಿ ತಿದ್ದಿದ. ಎರಡು ಸಲ ಕರೆಂಟು ಹೋಯಿತು, ಎರಡು ಸಲವೂ ಮೊದಲಿನಿಂದ ಶುರುಮಾಡಿದ. ಯಂತ್ರಕ್ಕೆ ಸೆಕೆಯಾದೀತೆಂದು ಶಂಕ್ರಪ್ಪ ಬೀಸಣಿಗೆ ತಂದು ಬೀಸುವಾಗ ಫ್ಲಾಪಿಗಳು ಹಾರಿ ಮೇಜಿನಡಿ ಬಿದ್ದವು. ನಾಲ್ಕಕ್ಕೆ ಕಾಲು ತಾಸು ಬಾಕಿಯಿರುವಾಗ ಡಿಸ್ಕು ಗುರುಗುಟ್ಟಿತು, ಹನ್ನೆರಡೂ ನಮೂನೆಗಳ ಹೆಸರು ತೆರೆಯ ಮೇಲೆ ಸಾಲಾಗಿ ಬಂದವು. ಹಜರತಅಲಿಗೆ ತಾನೇ ಹೆತ್ತಷ್ಟು ಸಂತೋಷವಾಯಿತು.

ಸಾಹೇಬರು ಬಂದರು. ಪ್ರಿಂಟರು ಕಿರುಗುಟ್ಟುತ್ತ ನವಿಲನ್ನು ಹೊರಹಾಕಿತು. ಗೋಡೆಗೆ ತೂಗುಹಾಕಿದ್ದ ಹಸನಬಿಯ ನವಿಲಿನ ಜಮಖಾನೆಯ ಪಕ್ಕಕ್ಕೆ ಸಾಹೇಬರು ಕಾಗದವನ್ನು ಹಿಡಿದು ಬಹಳ ಹೊತ್ತು ನೋಡಿದರು.

"ಇದರ ಕುತ್ತಿಗೆ ಎಲ್ಲಿದೆ?"

ಕಾಗದದ ನವಿಲಿನ ತಲೆ ನೇರವಾಗಿ ಬೆನ್ನ ಮೇಲೆ ಕೂತಿತ್ತು. ಎರಡನೆಯ ಹಾಳೆಯಲ್ಲಿ ಹೂವಿಗೆ ದೇಟಿರಲಿಲ್ಲ. ಮೂರನೆಯದರಲ್ಲಿ ಪಗಡೆ ಹಾಸಿನ ಒಂದು ಸಾಲು ಮನೆಗಳೇ ಇರಲಿಲ್ಲ.

"ಪುಕ್ಕಟೆ ಬಂದ ವ್ಯವಸ್ಥೆ ಇನ್ನೇನು ಮಾಡೀತು!" ಎಂದರು ಸಾಹೇಬರು. "ಕಂಪನಿಯದ್ದೇ ತರಿಸಿ, ಅದರ ಜೊತೆ ಕಂಪನಿಯ ಹುಡುಗನೇ ಬರ್ತಾನೆ."

"ಅರ್ಧಾ ತಾಸು ಕೊಡ್ರಿ ಸಾಹೇಬ್ರ, ಸರಿ ಮಾಡತೀನಿ," ಎಂದು ಹಜರತಅಲಿ ಕೈಮುಗಿದ. ಸಾಹೇಬರು ಚಹಾಕ್ಕೆಂದು ಅಂಗಳಕ್ಕೆ ನಡೆದರು. ಅವನು ಮಗ್ಗದ ಬಳಿ ಹೋದ.

"ಅಮ್ಮಾ, ಎಳಿ ಬಿಟ್ಟು ಹೇಳೀರೇನ್ರಿ?"

"ಒಂದೊಂದರಾಗ ಏಳೇಳು." ಹಸನಬಿ ತಲೆ ಎತ್ತಲಿಲ್ಲ. "ಹೊಟ್ಯಾಗ ಹುಟ್ಟಿದ ಮಗಳಿಗೇ ಹೇಳಿಲ್ಲ. ಆಕಿ ಗಂಡನ ಪೆಟ್ಟಿಗಿಗೆ ಹೇಳಲೇನು?"

ಹಜರತಅಲಿಗೆ ಅಳು ಬಂತು. ಆದರೆ ಆಕೆಯೇ ಹೇಳಿಕೊಟ್ಟ ಪಾಠ ನೆನಪಿತ್ತು. ಒಂದಾದರೂ ಸರಿಯಾದರೆ ಸಾಕೆಂದು ಗೋಡೆಗೆ ಓಡಿ, ಜಮಖಾನೆಯನ್ನು ಇಳಿಸಿ ಬೆನ್ನು ತಿರುವಿದ.

ಬೆನ್ನಿಗೆ ಹಳೆಯ ಚಾದರವೊಂದನ್ನು ಅಂಚಿನಿಂದ ಅಂಚಿಗೆ ಒತ್ತಾಗಿ ಹೊಲಿಯಲಾಗಿತ್ತು. ಮೂಲೆಗಳಲ್ಲಿ ಎರಡೆರಡು ಹೊಲಿಗೆ.

ಹಿಂದೆ ಪಂಜದ ಸದ್ದು ನಿಂತಿತು. "ನಾ ಹೇಳಿದ್ದು ಮಂದಿ ಮನಿದ್ದು ನೋಡಾಕ, ಬೇಟಾ," ಎಂದಳು ಹಸನಬಿ. ಸದ್ದು ಮತ್ತೆ ಶುರುವಾಯಿತು.

ಅಂಗಳದಿಂದ ಶಂಕ್ರಪ್ಪ ಕೂಗಿದ. "ಹಜರತಾ, ಬಣ್ಣದ ಹಂಡ್ಯಾಗ ನೀರು ಕುದಿಯಾಕ ಹತ್ತೇತಿ, ಬಾ."