ಬದಲಾವಣೆಗೆ ಒಂದು ಅಂತಿಮ ಯೋಜನೆ

ನನ್ನ ಭಾವಮೈದುನ ಸೀನುವುದಕ್ಕೆ ಮೊದಲು ಕೂಡ ಒಂದು ಯೋಜನೆ ಬರೆದು, ಸುತ್ತ ಇದ್ದವರಿಂದ ಸಹಿ ಹಾಕಿಸಿಕೊಳ್ಳುತ್ತಾನೆ ಎಂಬ ಮಾತು ನಮ್ಮ ಬಂಧುಬಳಗದಲ್ಲಿ ಬಹಳ ಕಾಲದಿಂದ ಚಲಾವಣೆಯಲ್ಲಿದೆ. ಇದು ಶುದ್ಧ ಸುಳ್ಳು. ನನ್ನ ಹೆಂಡತಿಯ ಈ ತಮ್ಮನನ್ನು ಅವನು ಚಡ್ಡಿ ಹಾಕುತ್ತಿದ್ದ ದಿನಗಳಿಂದ ಹತ್ತಿರದಿಂದ ಕಂಡವನು ನಾನು. ಸೀನಿಗೆ ಅವನು ಸಹಿ ಕೇಳಿದ್ದನ್ನು ಒಮ್ಮೆಯೂ ನೋಡಿಲ್ಲ. ಮಿಕ್ಕ ಎಲ್ಲದಕ್ಕೂ ಕೇಳಿದ್ದಾನೆ!

ನಾನು ಹೀಗೆ ವಿಚಾರಣೆ ನಡೆಸಿಯೇ ಮಾತನಾಡುವುದಕ್ಕೆ ಕಾರಣವಿದೆ. ಶಾಲೆಗೆ ಹೋದದ್ದು ಏಳನೆಯ ತರಗತಿಯವರೆಗೆ ಮಾತ್ರವಾದ್ದರಿಂದ, ಬಲ್ಲವರು ಹೇಳಿದ್ದನ್ನು ಹೇಳಿದ ಹಾಗೆಯೇ ನಂಬುವ ವಿದ್ಯೆ ನನಗೆ ಪೂರ್ತಿಯಾಗಿ ಕೈಹತ್ತಲಿಲ್ಲ. ಚಾಮರಾಜನಗರದಲ್ಲಿ ಹೊಲಿಗೆ ಯಂತ್ರಗಳ ರಿಪೇರಿ ಮಾಡಿಕೊಂಡು ಆಯುಷ್ಯದ ಬಹುಭಾಗ ಕಳೆದೆ. "ಮೋಟಾರು ಸುಟ್ಟೋಗದಂತೆ" ಎಂದು ಗಿರಾಕಿ ಯಾರದೋ ಮಾತನ್ನು ಹೊತ್ತುತಂದರೆ, ಬಿಚ್ಚಿ ನೋಡದೆ ತಲೆಯಾಡಿಸಿದವನಲ್ಲ. ಎಷ್ಟೋ ಸಲ ಒಳಗೆ ಸಿಕ್ಕಿಕೊಂಡಿರುತ್ತಿದ್ದದ್ದು ಒಂದು ನೂಲಿನ ಉಂಡೆ, ಅಷ್ಟೆ.

ಭಾವಮೈದುನನ ಮದುವೆಯ ಯೋಜನೆಯನ್ನೇ ತೆಗೆದುಕೊಳ್ಳಿ. ರಟ್ಟಿನ ನೋಟ್‌ಬುಕ್ಕಿನಲ್ಲಿ ಅವನು ತನ್ನ ಕೈಯಾರೆ ಬರೆದದ್ದು. ಓಲಗದವರು ಎಷ್ಟು ಗಂಟೆಗೆ ಕಾಫಿ ಕುಡಿಯಬೇಕು, ಕೋಸಂಬರಿಗೆ ಉಪ್ಪು ಬೆರೆಸುವವರು ಯಾರು, ಅವರು ಬಾರದಿದ್ದರೆ ಅವರ ಬದಲಿಗೆ ಬೆರೆಸುವವರು ಯಾರು, ಎಲ್ಲವೂ ಅದರಲ್ಲಿತ್ತು. ಮುಹೂರ್ತ ಸಮೀಪಿಸಿತು. ವರ ಹಸೆಮಣೆಯ ಮೇಲೆ ಕುಳಿತ. ಹೆಣ್ಣಿಲ್ಲ! ಹೆಣ್ಣಿನ ಕಡೆಯವರನ್ನು ಕರೆತರಲು ಉಡಿಗಾಲಕ್ಕೆ ಹೋಗಿರಬೇಕಾಗಿದ್ದ ವ್ಯಾನು ಛತ್ರದ ಮುಂದೆಯೇ ನಿಂತಿತ್ತು. ಡ್ರೈವರು ಒಳಗೆ ಕುಳಿತು ಉಪ್ಪಿಟ್ಟು ತಿನ್ನುತ್ತಿದ್ದ. ವ್ಯಾನು ಹೊರಡುವ ಹೊತ್ತನ್ನು ಬರೆಯುವುದೊಂದು ಬಿಟ್ಟುಹೋಗಿತ್ತು. ನಾನು ಗಾಬರಿಯಿಂದ, "ಹೆಣ್ಣೆಲ್ಲಯ್ಯಾ?" ಎಂದೆ. ಅವನು ಬಾಸಿಂಗವನ್ನು ಸರಿಪಡಿಸಿಕೊಂಡು, ಪುಟ ತಿರುವಿ, ಶಾಂತವಾಗಿ ನುಡಿದ: "ಮೂವತ್ತೆರಡ್ನೇ ಪುಟದ ಪ್ರಕಾರ ಅವ್ಳು ಬಂದು ಅರ್ಧ ಗಂಟೆ ಆಯ್ತಲ್ಲ ಭಾವ!"

ಮುಂದೆ ಹರದನಹಳ್ಳಿಯಲ್ಲಿ ಮನೆ ಕಟ್ಟಿಸಿದ. ನಕ್ಷೆಯಲ್ಲಿ ಪೂರ್ವಕ್ಕೊಂದು ದೊಡ್ಡ ಕಿಟಕಿಯಿತ್ತು. ತಳಪಾಯ ಮುಗಿಯುವಷ್ಟರಲ್ಲಿ ಪಕ್ಕದವರು ತಮ್ಮ ಜಾಗದ ಅಂಚಿಗೆ ಸರಿಯಾಗಿ ಎತ್ತರದ ಗೋಡೆ ಎಬ್ಬಿಸಿಬಿಟ್ಟರು. ಕಿಟಕಿಯನ್ನು ಉತ್ತರಕ್ಕೆ ಇಡೋಣವೆಂದು ಗಾರೆಯವನು ಬೇಡಿಕೊಂಡ. "ಸಹಿ ಆಗೋಗದೆ" ಎಂದ ಇವನು. ಇಂದಿಗೂ ಆ ಮನೆಯಲ್ಲಿ ಬೆಳಿಗ್ಗೆ ಕಿಟಕಿ ತೆರೆದರೆ, ಗೇಣಿನ ದೂರದಲ್ಲಿ ಪಕ್ಕದವರ ಇಟ್ಟಿಗೆಗಳ ದರ್ಶನವಾಗುತ್ತದೆ. ಅದಕ್ಕೆ ಪರದೆ ಬೇರೆ ಹಾಕಿಸಿದ್ದಾನೆ! ಪರದೆಯೂ ನಕ್ಷೆಯಲ್ಲಿತ್ತಲ್ಲ?

ಇಂಥವನು ಹೊಟ್ಟೆಪಾಡಿಗೆ ಮಾಡುವ ಕೆಲಸ ಯಾವುದೆಂದು ಊಹಿಸಬಲ್ಲಿರಾ? ಸಾಫ್ಟ್‌ವೇರ್ ಬರೆಸುವುದು! ಚಾಮರಾಜನಗರದಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ, ಹೊರ ಊರಿನ ಕಂಪನಿಯೊಂದರ ಪುಟ್ಟ ಕೋಣೆಯಿದೆ. ಕೆಲಸ ಮಾಡುವವರು ಐದು ಜನ. ಅವರ ಮುಖ್ಯಸ್ಥ ಇವನು. ಅಲ್ಲಿನ ಕ್ರಮವೂ ಅವನ ಸ್ವಭಾವಕ್ಕೆ ಅಳತೆ ತೆಗೆದು ಹೊಲಿಸಿದಂತಿತ್ತು. ಗಿರಾಕಿಗೆ ಏನೇನು ಬೇಕೆಂದು ಮೊದಲೇ ಕೇಳಿ ಬರೆಯುವುದು. ಪುಟಪುಟಕ್ಕೂ ಸಹಿ ಪಡೆಯುವುದು. ಆಮೇಲೆ ಕೆಲಸ ಆರಂಭಿಸಿ, ಎಲ್ಲವೂ ಮುಗಿದ ದಿನ ಒಮ್ಮೆಲೇ ಒಪ್ಪಿಸುವುದು. ನಡುವಿನ ಆರೆಂಟು ತಿಂಗಳು ಗಿರಾಕಿ ತುಟಿ ಬಿಚ್ಚುವಂತಿಲ್ಲ. ಕೊನೆಗೆ ಅವರು "ನಮಗೆ ಬೇಕಾಗಿದ್ದು ಇದಲ್ಲ" ಎಂದು ಗೋಳಾಡಿದರೆ, ಇವನು ಅವರದೇ ಸಹಿಯನ್ನು ಅವರಿಗೇ ತೋರಿಸುತ್ತಿದ್ದ.

ಹೀಗಿರುವಾಗ ಕಂಪನಿಯ ಆಜ್ಞೆ ಬಂತು: ಇನ್ನು ಮುಂದೆ ಹಳೆಯ ಕ್ರಮವಿಲ್ಲ, ಎಲ್ಲವೂ 'ಅಜೈಲ್'. ಎರಡು ದಿನ ಪಾಠ ಹೇಳಲು ಒಬ್ಬರು ಬೆಂಗಳೂರಿನಿಂದ ಬಂದರು. ಅವರು ಹಂಚಿದ ಪುಸ್ತಿಕೆಯನ್ನು ನಾನೂ ತರಿಸಿಕೊಂಡು, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆ. ಸಾರಾಂಶ ಇಷ್ಟು: ಸ್ವಲ್ಪ ಮಾಡು, ಬಳಸುವವರಿಗೆ ತೋರಿಸು, ಅವರು ಬೈದದ್ದನ್ನು ಕೇಳಿಸಿಕೋ, ತಿದ್ದು, ಮತ್ತೆ ಸ್ವಲ್ಪ ಮಾಡು. ಹದಿನೈದು ದಿನಕ್ಕೊಂದು ಸುತ್ತು. ಇದನ್ನು ಇತ್ತೀಚಿನ ಮಹಾಶೋಧವೆಂದು ಪುಸ್ತಿಕೆ ಹೊಗಳಿತ್ತು. ನನಗೇಕೋ ಅನುಮಾನ! ಕಚ್ಚಾ ಹೊಲಿಗೆ ಹಾಕಿ, ತೊಡಿಸಿ ನೋಡಿ, ಕಂಕುಳು ಬಿಗಿಯೆಂದರೆ ಬಿಚ್ಚಿ ಹೊಲಿಯುವ ದರ್ಜಿಗಳ ಯಂತ್ರಗಳಿಗೇ ಅಲ್ಲವೆ ನಾನು ಇಷ್ಟು ಕಾಲ ಎಣ್ಣೆ ಬಿಟ್ಟದ್ದು?

ಹೊಸ ಕ್ರಮದಲ್ಲಿ ಮಾಡಬೇಕಾಗಿದ್ದ ಮೊದಲ ಕೆಲಸ ಗುಂಡ್ಲುಪೇಟೆಯದು. ಅಲ್ಲಿನ ಚೆಂಡುಹೂವಿನ ಹೊಲಗಳನ್ನು ನೀವು ಚಿತ್ರಗಳಲ್ಲಿ ನೋಡಿರುತ್ತೀರಿ. ಕೇರಳದ ಕಾರುಗಳವರು ಬದುವಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಫೋಟೋದಲ್ಲಿ ಕಾಣಿಸದ ಸಂಗತಿಯೊಂದಿದೆ: ಕಿತ್ತ ಹೂವನ್ನು ಮೂಟೆ ಕಟ್ಟಿ ಖರೀದಿ ಕೇಂದ್ರದ ಸಾಲಿನಲ್ಲಿ ಬಹಳ ಹೊತ್ತು ನಿಲ್ಲಿಸಿದರೆ, ಅದು ಒಳಗೊಳಗೇ ಬಿಸಿಯಾಗಿ, ಬೆವರಿ, ಕಪ್ಪಾಗುತ್ತದೆ. ಯಾರ ಸರದಿ ಎಷ್ಟು ಹೊತ್ತಿಗೆ ಎಂದು ಬೆಳೆಗಾರರಿಗೆ ಮುಂಚಿತವಾಗಿ ತಿಳಿಸುವ ಸಾಫ್ಟ್‌ವೇರ್ ಆ ಕೇಂದ್ರಕ್ಕೆ ಬೇಕಾಗಿತ್ತು. ಕಂಪನಿ ಸ್ಪಷ್ಟವಾಗಿ ಬರೆದಿತ್ತು: ಈ ವರ್ಷದ ಹೂವಿನ ಕೊಯ್ಲಿಗೆ ಇದು ಸಿದ್ಧವಾಗದಿದ್ದರೆ ಚಾಮರಾಜನಗರದ ಕೋಣೆಗೆ ಬೀಗ. ಆ ಐದು ಜನರಲ್ಲಿ ಊರು ಬಿಟ್ಟು ಹೋಗಬಲ್ಲ ಸ್ಥಿತಿಯಲ್ಲಿ ಒಬ್ಬರೂ ಇರಲಿಲ್ಲ.

ಭಾವಮೈದುನ ಮೈಕೊಡವಿ ಎದ್ದ. ಏನು ಮಾಡಿದನೆನ್ನುತ್ತೀರಿ? ನೂರ ನಲವತ್ತು ಪುಟಗಳ ದಸ್ತಾವೇಜು ಬರೆದ! ಹೆಸರು, 'ಬದಲಾವಣೆಗೆ ಹೊಂದಿಕೊಳ್ಳುವ ಅಂತಿಮ ಯೋಜನೆ'. ಕೊನೆಯ ಪುಟದಲ್ಲಿ ದಪ್ಪ ಅಕ್ಷರಗಳ ಷರಾ: 'ಈ ಯೋಜನೆಯನ್ನು ಯಾವ ಕಾರಣಕ್ಕೂ ಬದಲಾಯಿಸತಕ್ಕದ್ದಲ್ಲ.'

ಅಷ್ಟಕ್ಕೇ ನಿಲ್ಲಲಿಲ್ಲ. ಹೊಸ ಕ್ರಮದಂತೆ ಗೋಡೆಯ ಮೇಲೆ ಮೂರು ಸಾಲು ಮಾಡಿ, 'ಮಾಡಬೇಕಾದದ್ದು', 'ಮಾಡುತ್ತಿರುವುದು', 'ಮುಗಿದದ್ದು' ಎಂದು ತಲೆಬರಹ ಕೊಟ್ಟು, ಒಂದೊಂದು ಕೆಲಸಕ್ಕೂ ಒಂದೊಂದು ಹಳದಿ ಚೀಟಿ ಅಂಟಿಸಿದ್ದರು. ಫ್ಯಾನಿನ ಗಾಳಿಗೆ ಅವು ಉದುರುತ್ತಿದ್ದವು. ಇವನು ಭಾನುವಾರ ಬಂದು ಚೀಟಿಗಳನ್ನೆಲ್ಲ ಒಯ್ದು, ಲ್ಯಾಮಿನೇಷನ್ ಮಾಡಿಸಿ, ಚಪ್ಪಲಿ ಹೊಲಿಯುವವರ ಗೋಂದಿನಿಂದ ಗೋಡೆಗೆ ಮೆತ್ತಿಬಿಟ್ಟ.

ಸೋಮವಾರ ಬೆಳಿಗ್ಗೆ, ತಂಡದಲ್ಲಿ ಹಿರಿಯಳಾದ ಸಬೀನಾ ಗೋಡೆ ನೋಡಿ ಕೂಗಿದಳಂತೆ: "ಸರ್! ಚೀಟಿ ಜರುಗ್ಬೇಕು ಸರ್!"

"ಯಾಕಮ್ಮ ಜರುಗ್ಬೇಕು? ಉದುರ್ತಿದ್ವು, ಭದ್ರ ಮಾಡಿವ್ನಿ."

"ಕೆಲ್ಸ ಮುಗಿದ್ಮೇಲೆ ಚೀಟಿ ಆ ಕಡೆ ಸಾಲಿಗೆ ಹೋಗ್ಬೇಕು ಸರ್!"

ಅವನು ಗಲ್ಲಕ್ಕೆ ಕೈಯಿಟ್ಟು ಯೋಚಿಸಿದ. "ಅಂಗಾರೆ ಚೀಟಿ ಅಲ್ಲೇ ಇರ್ಲಿ. ಮೇಲಿನ ಹೆಸರ್ನ ಬದ್ಲಾಯ್ಸನ" ಎಂದು ತಲೆಬರಹಗಳನ್ನೇ ಅದಲುಬದಲು ಮಾಡಿದ. ಇನ್ನೂ ಆರಂಭವೇ ಆಗದಿದ್ದ ಕೆಲಸಗಳೆಲ್ಲ ಒಂದೇ ಬೆಳಿಗ್ಗೆ ಮುಗಿದುಹೋದವು!

ಈ ಕಥೆ ಊರೆಲ್ಲ ಹಬ್ಬಿತು. ನಾನು ನಗುತ್ತಾ ಇದನ್ನು ಯಾರಿಗೋ ಹೇಳುತ್ತಿದ್ದಾಗ ನನ್ನ ಹೆಂಡತಿ ಸೊಪ್ಪು ಬಿಡಿಸುತ್ತಿದ್ದವಳು ಎದ್ದುಬಂದಳು. "ನಗಿ, ನಗಿ. ನನ್ ತಮ್ಮ ಅಂಜುಬುರುಕನಂತೆ, ಹೊಸದು ಕಂಡ್ರೆ ಎದರ್ಕತ್ತನಂತೆ. ಊರ್ನೆಲ್ಲ ಅನುಮಾನ ಪಡ್ತೀರಲ್ಲ, ಈ ಮಾತ್ನೂ ಒಂದೀಟು ಅನುಮಾನ ಪಡಿ!"

ನ್ಯಾಯವಾದ ಮಾತು. ಮರುದಿನ ಅವನು ಊಟಕ್ಕೆ ಹೋಗಿದ್ದ ಹೊತ್ತು ನೋಡಿ ಮಹಡಿ ಹತ್ತಿದೆ. ಸಬೀನಾಳನ್ನು ಕೇಳಿದೆ: "ಅವನಿಗೆ ಅಷ್ಟೊಂದು ಹೆದರಿಕೆ ಯಾಕಮ್ಮ?"

"ಹೆದರಿಕೆನಾ? ಯಾರಂದ್ರು ಅಂಕಲ್?" ಎಂದಳು ಅವಳು. "ನಾನು ಸೇರಿದ ಹೊಸದ್ರಲ್ಲಿ ಒಬ್ರು ಗಿರಾಕಿ ಫೋನಲ್ಲೇ 'ಇದೊಂದು ಬದ್ಲಾಯ್ಸಿಬಿಡಿ' ಅಂದ್ರು. ಬದ್ಲಾಯ್ಸಿದೆ. ಅದ್ರಿಂದ ಎಡವಟ್ಟಾಯ್ತು. 'ನಾವು ಹೇಳೇ ಇಲ್ಲ' ಅಂದ್ಬುಟ್ರು. ನನ್ ಕೆಲ್ಸ ಹೋಗೋದ್ರಲ್ಲಿತ್ತು. 'ನಾನೇ ಹೇಳಿ ಮಾಡ್ಸಿದ್ದು' ಅಂತ ಸರ್ ಬರ್ದು ಕೊಟ್ರು. ಅವ್ರಿಗೆ ಬರ್ಬೇಕಿದ್ದ ಬಡ್ತಿ ನಿಂತೋಯ್ತು. ಅವತ್ತಿಂದ ಕಾಗದ ಇಲ್ದೆ ನಮ್ ಕೈಲಿ ಒಂದಕ್ಷರ ಮುಟ್ಸಲ್ಲ."

ಮದುವೆಯ ನೋಟ್‌ಬುಕ್ಕು ಇದಕ್ಕಿಂತ ಬಹಳ ಹಿಂದಿನದು. ಆದ್ದರಿಂದ ಹುಟ್ಟುಗುಣದ ಪಾಲೇ ಇಲ್ಲವೆಂದು ನಾನು ವಾದಿಸಲಾರೆ. ಆದರೆ ಊರು ಹೇಳುತ್ತಿದ್ದ ಕಾರಣವನ್ನು ಬಿಚ್ಚಿ ನೋಡಿದ್ದಾಯಿತು. ಒಳಗೆ ಸಿಕ್ಕಿಕೊಂಡಿದ್ದದ್ದು ಬೇರೆ.

ಅಂದು ಸಬೀನಾ ನನ್ನ ಬಳಿ ಒಂದು ಬೇಡಿಕೆ ಇಟ್ಟಳು. ಕೊಯ್ಲಿಗೆ ಉಳಿದಿದ್ದದ್ದು ಮೂರೇ ವಾರ. ಬೆಳೆಗಾರರ ಫೋನಿಗೆ ಸರದಿಯ ಸಂದೇಶ ಕಳುಹಿಸುವಷ್ಟು ಭಾಗವನ್ನು ಅವರು ಹೇಗೋ ಮಾಡಿ ಮುಗಿಸಿದ್ದರು. ಅದನ್ನು ಗುಂಡ್ಲುಪೇಟೆಯಲ್ಲಿ ತೋರಿಸಲು ಸರ್ ಒಪ್ಪುತ್ತಿಲ್ಲ. ನೀವು ಒಪ್ಪಿಸಿ ಎಂದಳು. ಎರಡು ದಿನ ಬೆನ್ನುಹತ್ತಿ, ಮೂರನೆಯ ದಿನ ನಾನೇ ಅವನ ಪಕ್ಕದಲ್ಲಿ ಬಸ್ಸಿನಲ್ಲಿ ಕುಳಿತೆ. ಸಬೀನಾ ಮುಂದಿನ ಸೀಟಿನಲ್ಲಿದ್ದಳು.

"ಅರ್ಧಂಬರ್ಧ ಮಾಡಿದ್ನ ಜನಕ್ಕೆ ತೋರ್ಸದು ಅಂದ್ರೆ ಪಂಚೆ ಉಡ್ದೆ ಬೀದಿಗ್ ಬಂದಂಗೆ ಭಾವ" ಎಂದ.

"ಉಡೋಕ್ ಮುಂಚೆ ಪಂಚೆ ಉದ್ದ ಸರಿಯದಾ ನೋಡ್ಕೋ ಅಂತಾವ್ರೆ ಕಣಯ್ಯ, ಅಷ್ಟೆ."

ಅವನು ನಗಲಿಲ್ಲ. ಮುಂದಿನ ಸೀಟನ್ನು ನೋಡಿ ತಗ್ಗಿದ ದನಿಯಲ್ಲಿ, "ತಪ್ಪಾದ್ರೆ ಈ ಮಕ್ಕಳ ತಲೆ ಮೇಲೆ ಬತ್ತದೆ ಭಾವ" ಎಂದ.

ಖರೀದಿ ಕೇಂದ್ರದ ತಗಡಿನ ಚಪ್ಪರದಡಿ ಹತ್ತು ಹದಿನೈದು ಬೆಳೆಗಾರರು ಸೇರಿದ್ದರು. ಸಬೀನಾ ಗುಂಡಿ ಒತ್ತಿದಳು. ಜೇಬುಗಳಲ್ಲಿ, ಸೊಂಟದ ಚೀಲಗಳಲ್ಲಿ ಒಂದರ ಹಿಂದೊಂದು ಫೋನುಗಳು ಗುಂಯ್ಗುಟ್ಟಿದವು. "ಬಂತು ಕಣ್ಲಾ! ನನಗೂ ಬಂತು!" ಎಂದು ಎಲ್ಲರೂ ಸಂಭ್ರಮಿಸಿದರು. ಕಂಬಕ್ಕೆ ಒರಗಿ ಕುಳಿತಿದ್ದ ಮಾದಮ್ಮನೆಂಬ ಹಿರಿಯಳು ಮಾತ್ರ ಅಲುಗಲಿಲ್ಲ.

"ನಿಮಗೆ ಬಂತಾ ಅವ್ವ?" ಎಂದು ಸಬೀನಾ ಕೇಳಿದಳು.

"ಏನವ್ವ ಬರದು? ಪೋನು ಮೊಮ್ಮಗಳ್ತಾವದೆ. ಅವ್ಳು ಕಾಲೇಜ್ಗೋಗವ್ಳೆ. ನಮ್ ಮೂರು ಮನ್ಗೂ ಅದೊಂದೇಯ. ನನ್ ಸರದಿ ಬಂದದೆ ಅಂತ ಈಗ ಕಾಲೇಜ್ಗೆಲ್ಲ ಗೊತ್ತಾಗದೆ. ನನಗೊಬ್ಳಿಗೆ ಗೊತ್ತಿಲ್ಲ!"

ಚಪ್ಪರವೆಲ್ಲ ನಕ್ಕಿತು. "ನಮ್ಮನೇದೂ ಅದೇ ಕತೆ ಕಣಪ್ಪ" ಎಂದು ಇನ್ನಿಬ್ಬರು ದನಿಗೂಡಿಸಿದರು. ಸಬೀನಾ ಬಿಳಿಚಿಕೊಂಡು ನನ್ನ ಭಾವಮೈದುನನನ್ನು ನೋಡಿದಳು. ಅವನ ಚೀಲದಲ್ಲಿ ದಸ್ತಾವೇಜು ಇತ್ತು. 'ಪ್ರತಿಯೊಬ್ಬ ಬೆಳೆಗಾರರೂ ಸ್ವಂತ ಫೋನು ಹೊಂದಿರುತ್ತಾರೆ' ಎಂಬ ಸಾಲೂ, ಅದರ ಕೆಳಗೆ ಕೇಂದ್ರದವರ ಸಹಿಯೂ ಇದ್ದವು. ತೋರಿಸಿದ್ದರೆ ತಂಡದ ಮೇಲೆ ಯಾರೂ ಬೆರಳೆತ್ತುವಂತಿರಲಿಲ್ಲ. ಅವನು ಚೀಲದ ಜಿಪ್ಪು ಎಳೆದು ಒಳಗೆ ಕೈಹಾಕಿದ. ಕೈ ಅಲ್ಲಿಯೇ ನಿಂತಿತು. ಆಮೇಲೆ ಜಿಪ್ಪನ್ನು ಮುಚ್ಚಿ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿಯೇ ಮಾದಮ್ಮನ ಎದುರು ನೆಲದ ಮೇಲೆ ಕುಳಿತ.

"ನನಗೆ ಗೊತ್ತಿರ್ನಿಲ್ಲ ಕಣವ್ವ. ತಪ್ಪು ನನ್ದು. ಎಂಗ್ ಮಾಡುದ್ರೆ ನಿನಗೆ ತಿಳೀತದೆ, ನೀನೇ ಹೇಳು."

"ನನ್ನ ಕೇಳೀಯಾ? ಓದಿರವ್ನು ನೀನು!"

"ಓದಿರದ್ರಲ್ಲಿ ಇದಿಲ್ಲ ಕಣವ್ವ."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ನಮ್ಮೂರ್ ಡೈರೀಲಿ ಮೈಕದಲ್ಲ, ಹಾಲ್ಗೆ ಬನ್ನಿ ಅಂತ ದಿನಾ ಕೂಗಲ್ವಾ? ಊವ್ಗೂ ಕೂಗ್ಸು. ಎಸ್ರ್ ಹಿಡ್ದೇ ಕೂಗ್ಸಪ್ಪ, 'ಮಾದಮ್ಮ' ಅಂತವ. ಮೈಕಲ್ಲಿ ನನ್ನೆಸ್ರ ಯಾವತ್ತೂ ಯಾರೂ ಕೂಗಿಲ್ಲ."

ಅವನು ಅದನ್ನು ಬರೆದುಕೊಳ್ಳಲಿಲ್ಲ. ಹೂಂ ಎಂದ, ಅಷ್ಟೆ. ಹದಿನೈದು ದಿನಗಳಲ್ಲಿ ಸರದಿಯ ಪಟ್ಟಿ ಹಳ್ಳಿಹಳ್ಳಿಯ ಹಾಲಿನ ಡೈರಿಗೂ ಹೋಗುವಂತೆ ತಂಡ ಬದಲಾಯಿಸಿತು. ಯಾರ ಸಹಿಯೂ ಇಲ್ಲದೆ!

ಕೊಯ್ಲಿನ ಮೊದಲ ದಿನ ಅವನು ಹೇಳದೆ ಕೇಳದೆ ನನ್ನನ್ನು ಎಬ್ಬಿಸಿಕೊಂಡು ಹೋದ. ಮಾದಮ್ಮನ ಹೊಲದ ಬದುವಿನಲ್ಲಿ ನಿಂತೆವು. ಅವಳೂ ಸೊಸೆಯೂ ಮೂಟೆ ಕಟ್ಟುತ್ತಿದ್ದರು. ಇವನು ಗಳಿಗೆಗೊಮ್ಮೆ ಗಡಿಯಾರ ನೋಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಊರ ಕಡೆಯಿಂದ ಮೈಕು ಕೊರಕೊರ ಎಂದು ಗಂಟಲು ಸರಿಪಡಿಸಿಕೊಂಡು ಕೂಗಿತು: "ಹೂವಿನ ಸರದಿ... ಮಾದಮ್ಮ... ಹತ್ತು ಗಂಟೆಗೆ..."

"ಬಂದೇ ಕಣಪ್ಪಾ!" ಎಂದು ಮಾದಮ್ಮ ಮೈಕಿಗೇ ಉತ್ತರ ಕೊಟ್ಟಳು.

ಅವಳ ಮೂಟೆ ಹೇರಿದ ಗೂಡ್ಸ್ ಆಟೋದ ಹಿಂದೆ ಇನ್ನೊಂದು ಆಟೋದಲ್ಲಿ ನಾವೂ ಕೇಂದ್ರಕ್ಕೆ ಹೋದೆವು. ಬಾಗಿಲಲ್ಲಿ ಸಾಲಿರಲಿಲ್ಲ. ಕೋಣೆ ಉಳಿಯಿತೆ ಎಂದು ನೀವು ಕೇಳುವಿರಿ. ಉಳಿಯಿತು, ಹಾಗೆಂದು ಕಂಪನಿಯ ಪತ್ರ ಬಂದದ್ದು ಮುಂದಿನ ವಾರ. ಆ ಬೆಳಿಗ್ಗೆ ನಮಗೆ ಅದಿನ್ನೂ ತಿಳಿದಿರಲಿಲ್ಲ.

ಮೂಟೆ ತಕ್ಕಡಿಯ ಮೇಲೆ ಕುಳಿತಿತು. ಮಾದಮ್ಮ ಅದರ ಬಾಯಿ ಬಿಚ್ಚಿ, ನನ್ನ ಭಾವಮೈದುನನ ಬಲಗೈ ಹಿಡಿದೆಳೆದು, ಮೊಣಕೈಯವರೆಗೂ ಹೂವಿನೊಳಗೆ ಇಳಿಸಿದಳು.

"ನೋಡಪ್ಪ. ತಣ್ಗದೆ."

ಅವನು ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತ. ತೂಕ ಮಾಡುವವನು ಕೆಮ್ಮಿದ.

"ಕೈ ತಗಿಯಪ್ಪ, ನೀನೂ ತೂಕಕ್ಕೆ ಸೇರ್ಕತ್ತೀಯ" ಎಂದಳು ಮಾದಮ್ಮ.

ತೆಗೆದ ಕೈಗೆ ಹೂವಿನ ಬಣ್ಣ ಹತ್ತಿತ್ತು. ಎಸಳುಗಳು ರೋಮಕ್ಕೆ ಅಂಟಿಕೊಂಡಿದ್ದವು. ಒರೆಸಿಕೋ ಎಂದು ನನ್ನ ಟವೆಲ್ಲು ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. ಚಾಮರಾಜನಗರ ಮುಟ್ಟುವವರೆಗೂ ಬಸ್ಸಿನಲ್ಲಿ ಆ ಕೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕುಳಿತಿದ್ದ. ಕಂಡಕ್ಟರ್ ಟಿಕೆಟ್ಟು ನೀಡಿದಾಗ ಎಡಗೈ ಚಾಚಿದ. ಎಡಗೈಯಲ್ಲಿ ಇಸಿದುಕೊಂಡವರನ್ನು ಗದರದೆ ಬಿಟ್ಟವನಲ್ಲ ನಾನು. ಅಂದು ಬಿಟ್ಟೆ.